ಪೊಲೀಸರಿಲ್ಲದ ಊರಿನಲ್ಲಿ ಪತ್ತೇದಾರ

ಸಭಿಕರಿಗೆ ನಮಸ್ಕಾರ. ಹೆಣ ಬಿದ್ದ ಕೂಡಲೇ ಇನ್ಸ್‌ಪೆಕ್ಟರ್ ಬಂದು ಮಹಜರು ಮಾಡಿಸುವ, ಬೆರಳಚ್ಚು ತೆಗೆಸುವ ಪತ್ತೇದಾರಿ ಕಾದಂಬರಿಗಳನ್ನು ಓದಿ ಬೆಳೆದ ನಮಗೆ, ಪ್ರಾಚೀನ ರೋಮ್‌ನಲ್ಲಿ ನಡೆಯುವ ಕೊಲೆಯ ಕಥೆ ಮೊದಲ ಅಧ್ಯಾಯದಲ್ಲೇ ದಿಕ್ಕು ತಪ್ಪಿಸುತ್ತದೆ. ಗಣರಾಜ್ಯದ ಕಾಲದ ಆ ಮಹಾನಗರದಲ್ಲಿ ಪೊಲೀಸರೇ ಇರಲಿಲ್ಲ. ಕ್ರಿ.ಶ. 6ರಲ್ಲಿ ಚಕ್ರವರ್ತಿ ಆಗಸ್ಟಸ್ ಏಳು ತುಕಡಿಗಳ ‘ವಿಜಿಲೀಸ್’ ಪಡೆಯನ್ನು ಕಟ್ಟಿದನಾದರೂ, ಬೆಂಕಿ ಆರಿಸುವುದು ಮತ್ತು ರಾತ್ರಿ ಗಸ್ತು ತಿರುಗುವುದು ಅವರ ಮುಖ್ಯ ಕೆಲಸವಾಗಿತ್ತು. ಕೊಲೆಯಾದರೆ ಯಾರಾದರೊಬ್ಬ ನಾಗರಿಕನೇ ಮುಂದೆ ಬಂದು ಆರೋಪ ಹೊರಿಸಿ, ಸಾಕ್ಷಿ ಕಲೆಹಾಕಿ, ವಾದಿಸಬೇಕಿತ್ತು. ಖಾಸಗಿ ಪತ್ತೇದಾರನಿಗೆ ಇದಕ್ಕಿಂತ ಒಳ್ಳೆಯ ಊರು ಬೇಕೆ?

ಸ್ಟೀವನ್ ಸೇಲರ್ 1991ರಲ್ಲಿ ಪ್ರಕಟಿಸಿದ ಕಾದಂಬರಿ ‘ರೋಮನ್ ಬ್ಲಡ್’ ಇಂಥದೇ ಒಂದು ನಿಜವಾದ ಮೊಕದ್ದಮೆಯ ಮೇಲೆ ನಿಂತಿದೆ. ಅಮೇರಿಯಾ ಎಂಬ ಊರಿನ ಸಿರಿವಂತ ಸೆಕ್ಸ್ಟಸ್ ರೋಸಿಯಸ್, ರೋಮ್‌ನಲ್ಲಿ ರಾತ್ರಿ ಊಟ ಮುಗಿಸಿ ಮರಳುವಾಗ ಪಲ್ಲಾಕಿನಾ ಸ್ನಾನಗೃಹಗಳ ಬಳಿ ಕೊಲೆಯಾದ. ಆ ಸುದ್ದಿ ಗಾಡಿಗಳನ್ನು ಬದಲಿಸುತ್ತ, ಹತ್ತೇ ಗಂಟೆಗಳಲ್ಲಿ 56 ಮೈಲಿ ದಾಟಿ, ಬೆಳಗಾಗುವ ಮೊದಲೇ ಅಮೇರಿಯಾ ಮುಟ್ಟಿತು; ಆದರೆ ಮುಟ್ಟಿದ್ದು ಮಗನ ಮನೆಗಲ್ಲ, ಸತ್ತವನ ವೈರಿಯ ಮನೆಗೆ. ಬಳಿಕ 60 ಲಕ್ಷ ಸೆಸ್ಟರ್ಸ್ (ರೋಮನ್ ನಾಣ್ಯ) ಬೆಲೆಯ ಸತ್ತವನ ಆಸ್ತಿ, ಸರ್ವಾಧಿಕಾರಿ ಸುಲ್ಲನ ಆಪ್ತ ಕ್ರಿಸೋಗೊನಸ್‌ಗೆ ಬರೇ 2,000 ಸೆಸ್ಟರ್ಸ್‌ಗೆ ದಕ್ಕಿತು. ತಂದೆಯನ್ನು ಕೊಂದ ಆರೋಪ ಮಾತ್ರ ಮಗನ ತಲೆಗೆ ಬಂತು. ಕ್ರಿ.ಪೂ. 80ರಲ್ಲಿ ಅವನ ಪರವಾಗಿ ನಿಂತವನು ಇಪ್ಪತ್ತಾರರ ಹರೆಯದ ವಕೀಲ ಸಿಸೆರೊ. ‘ಇದರಿಂದ ಲಾಭ ಯಾರಿಗೆ?’ ಎಂದು ಹಿಂದಿನ ನ್ಯಾಯಾಧೀಶ ಲೂಸಿಯಸ್ ಕ್ಯಾಸಿಯಸ್ ಕೇಳುತ್ತಿದ್ದ ಪ್ರಶ್ನೆಯನ್ನೇ ಅವನು ಸಭೆಯ ಮುಂದಿಟ್ಟ. ಪತ್ತೇದಾರಿ ಸಾಹಿತ್ಯ ಇಂದಿಗೂ ಬಿಡದ ಈ ಪ್ರಶ್ನೆ ರೋಮನ್ನರದೇ ಎಂಬುದನ್ನು ನಾವು ಮರೆತಿದ್ದೇವೆ.

ಈ ಕಥೆಗಳಲ್ಲಿ ಕಾಲದ ಲೆಕ್ಕವೂ ತೊಡಕಿನದು. ರೋಮನ್ನರು ಹಗಲನ್ನು ಹನ್ನೆರಡು, ಇರುಳನ್ನು ಹನ್ನೆರಡು ಪಾಲು ಮಾಡುತ್ತಿದ್ದುದರಿಂದ, ಹಗಲಿನ ಒಂದು ಗಂಟೆ ನಡುಬೇಸಿಗೆಯಲ್ಲಿ ನಮ್ಮ ಸುಮಾರು 75 ನಿಮಿಷ, ನಡುಚಳಿಗಾಲದಲ್ಲಿ ಸುಮಾರು 45 ನಿಮಿಷವಾಗುತ್ತಿತ್ತು. ‘ಆ ಹೊತ್ತಿಗೆ ನಾನು ಅಲ್ಲಿರಲಿಲ್ಲ’ ಎಂಬ ಮಾತನ್ನು ಒರೆಗೆ ಹಚ್ಚುವುದು ಹೇಗೆ?

ಲಿಂಡ್ಸೆ ಡೇವಿಸ್ ಅವರ ‘ದ ಸಿಲ್ವರ್ ಪಿಗ್ಸ್’ (1989) ಹಗುರಾದ ಧಾಟಿಯದು. ವೆಸ್ಪೇಸಿಯನ್ ಚಕ್ರವರ್ತಿಯ ಕಾಲದ ಪತ್ತೇದಾರ ಫಾಲ್ಕೊ, ಬ್ರಿಟನ್ನಿನ ಗಣಿಗಳಿಂದ ಬರುವ ಸೀಸದ ಗಟ್ಟಿಗಳ ಬೆನ್ನು ಹತ್ತುತ್ತಾನೆ. ಅವನ ಮಾತಿನಲ್ಲಿ ಇಪ್ಪತ್ತನೆಯ ಶತಮಾನದ ವಾಸನೆ ಇದೆ, ನಿಜ. ಬಾಡಿಗೆಗೆ ಪರದಾಡುವ ಅವನ ಮನೆಯಲ್ಲಿ ಮಾತ್ರ ರೋಮ್ ಇದೆ.

ನನಗೆ ಈ ಪ್ರಕಾರದ ನಿಜವಾದ ಪರೀಕ್ಷೆ ಎನಿಸುವುದು ಗುಲಾಮರ ವಿಷಯ. ಗುಲಾಮನ ಹೇಳಿಕೆ ನ್ಯಾಯಾಲಯದಲ್ಲಿ ಸಲ್ಲಬೇಕಾದರೆ ಅದನ್ನು ಚಿತ್ರಹಿಂಸೆ ಕೊಟ್ಟೇ ಪಡೆದಿರಬೇಕೆಂಬುದು ರೋಮನ್ ಪದ್ಧತಿ. ಕ್ರಿ.ಶ. 61ರಲ್ಲಿ ನಗರಾಧಿಕಾರಿ ಪೆಡಾನಿಯಸ್ ಸೆಕುಂಡಸ್‌ನನ್ನು ಅವನ ಗುಲಾಮನೊಬ್ಬ ಕೊಂದಾಗ, ಮನೆಯಲ್ಲಿದ್ದ 400 ಗುಲಾಮರನ್ನೂ ಕೊಲ್ಲಿಸಲಾಯಿತು. ಜನ ದಂಗೆಯೆದ್ದಾಗ ಚಕ್ರವರ್ತಿ ನೀರೊ ದಾರಿಯುದ್ದಕ್ಕೂ ಸೈನಿಕರನ್ನು ನಿಲ್ಲಿಸಿದ. ಅಂಥ ಊರಿನಲ್ಲಿ ಪತ್ತೇದಾರನೊಬ್ಬ ಅಡುಗೆಮನೆಯ ಹುಡುಗನನ್ನು ಪಕ್ಕಕ್ಕೆ ಕರೆದು ನಯವಾಗಿ ವಿಚಾರಿಸಿ ಸತ್ಯ ಹೊರಡಿಸುವುದನ್ನು ಓದುವಾಗ, ಕಾದಂಬರಿಕಾರ ತನ್ನ ಕಾಲದ ಮನಸ್ಸಾಕ್ಷಿಯನ್ನು ನಾಯಕನಿಗೆ ಎರವಲು ಕೊಟ್ಟಿದ್ದಾನೆ ಎನಿಸುತ್ತದೆ.

ರೋಸಿಯಸ್‌ನ ಮೊಕದ್ದಮೆಯಲ್ಲೇ ಇದು ಕಾಣುತ್ತದೆ. ಸತ್ತವನ ಜೊತೆಗಿದ್ದ ಇಬ್ಬರು ಗುಲಾಮರನ್ನು ವಿಚಾರಣೆಗೆ ಒಪ್ಪಿಸಿರೆಂದು ಮಗ ಮತ್ತೆ ಮತ್ತೆ ಕೇಳಿದ, ಎದುರಾಳಿಗಳು ಒಪ್ಪಿಸಲಿಲ್ಲ. ಸಿಸೆರೊ ಆ ನಿರಾಕರಣೆಯನ್ನೇ ಅಪರಾಧದ ಕುರುಹೆಂದು ಎತ್ತಿ ತೋರಿಸುತ್ತಾನೆ. ಆದರೆ ಮಗ ಕೇಳಿದ ‘ವಿಚಾರಣೆ’ ಎಂದರೂ ಚಿತ್ರಹಿಂಸೆಯೇ. ನಾವು ಯಾರ ಗೆಲುವಿಗಾಗಿ ಪುಟ ತಿರುವುತ್ತೇವೆಯೋ, ಆ ನಿರಪರಾಧಿಯ ಬೇಡಿಕೆಯೂ ಅದೇ ಆಗಿತ್ತು.