'ಅದು' ಅಲ್ಲ, 'ಅವರು'

ಕಳೆದ ತಿಂಗಳು ಬ್ಯಾಂಕಿನಲ್ಲಿ ಕ್ಯೂ ನಿಂತಿದ್ದೆ. ನನ್ನ ಮುಂದೆ ಹಸಿರು ಸೀರೆ ಉಟ್ಟ ಮಂಗಳಮುಖಿಯೊಬ್ಬರು ಇದ್ದರು. ಕೌಂಟರಿನವರು ಅವರ ಪಾಸ್‌ಬುಕ್ ತೆಗೆದು, ಅದರಲ್ಲಿದ್ದ ಗಂಡು ಹೆಸರನ್ನು ಎಲ್ಲರಿಗೂ ಕೇಳುವ ಹಾಗೆ ಎರಡು ಸಲ ಕೂಗಿದರು. ಇವರು ಮೆಲ್ಲಗೆ "ನಾನೇ ಸರ್" ಅಂದರು. ಕೌಂಟರಿನವರು ಮೇಲಿಂದ ಕೆಳಗೆ ನೋಡಿ ಪಕ್ಕದ ಟೇಬಲ್ಲಿನವರಿಗೆ ಹೇಳಿದರು: "ಅದು ಆಗ್ಲಿಂದ ನಿಂತಿದೆ, ನೀವೇ ನೋಡಿ ಕಳಿಸಿಬಿಡಿ."

ನಿಂತಿದೆ. ಬಸ್ಸು ನಿಂತಿದೆ ಅನ್ನುವ ಹಾಗೆ.

ಅವರು ಸೆರಗು ಎಳೆದುಕೊಂಡು ಸುಮ್ನೆ ಆ ಟೇಬಲ್ಲಿಗೆ ಹೋದರು. ನಾನೂ ಬಾಯಿ ಬಿಡಲಿಲ್ಲ. ಅವತ್ತಿನಿಂದ ಮನಸ್ಸು ಕೊರೆಯುತ್ತಾ ಇದೆ, ಅದಕ್ಕೇ ಈ ವಿಡಿಯೋ.

ನಮ್ಮ ಕನ್ನಡದಲ್ಲಿ ಬಂದ, ಬಂದಳು, ಬಂತು ಅಂದ ಕೂಡಲೇ ಯಾರು ಏನು ಅಂತ ತೀರ್ಮಾನ ಮಾಡಿಬಿಟ್ಟಿರುತ್ತೇವೆ. ಆದರೆ ಇದೇ ಕನ್ನಡದಲ್ಲಿ 'ಬಂದರು' ಇದೆ ಅಲ್ವಾ? ಗಂಡಿಗೂ ಅದೇ, ಹೆಣ್ಣಿಗೂ ಅದೇ, ಮರ್ಯಾದೆ ಬೇರೆ. ಹೊಸ ಪದ ಏನೂ ಕಲಿಯಬೇಕಾಗಿಲ್ಲ. ಮಗು ಮಲಗಿದೆ ಅನ್ನುವುದರಲ್ಲಿ ಪ್ರೀತಿ ಇದೆ, ಬೆಳೆದು ನಿಂತವರನ್ನು 'ಅದು' ಅಂದರೆ ಮನುಷ್ಯರ ಲೆಕ್ಕದಿಂದಲೇ ತೆಗೆದ ಹಾಗೆ. 'ಒಂಬತ್ತು' ಅಂತ ನಗುವವರಿಗೂ ಇದೇ ಮಾತು.

ಇನ್ನು ಹೆಸರು. ಆಧಾರ್, ಪ್ಯಾನ್, ಮಾರ್ಕ್ಸ್ ಕಾರ್ಡ್, ಪಾಸ್‌ಬುಕ್ ಅಂತ ಒಂದೊಂದರಲ್ಲೂ ಬೇರೆ ಬೇರೆ ಬದಲಾಯಿಸಬೇಕು, ಅಲ್ಲಿಯವರೆಗೆ ಹಳೇ ಹೆಸರು ಬೆನ್ನು ಬಿಡುವುದಿಲ್ಲ. "ನಿಮ್ಮನ್ನು ಏನಂತ ಕರೀಲಿ?" ಅಂತ ಮೆಲ್ಲಗೆ ಕೇಳುವುದಕ್ಕೆ ಎಷ್ಟು ಹೊತ್ತು ಬೇಕು? ಅಕ್ಕ ಅನ್ನಿ ಅಂದರೆ ಅಕ್ಕ, ಅಣ್ಣ ಅನ್ನಿ ಅಂದರೆ ಅಣ್ಣ. ಅಣ್ಣ ಅಂದಾಗ ನೆನಪಾಯಿತು, ಹೆಣ್ಣು ಅಂತ ಬೆಳೆಸಿದ ಮನೆಯಲ್ಲಿ ತಾನು ಗಂಡು ಅಂತ ಗೊತ್ತಾಗಿ ಬದುಕುತ್ತಿರುವ ಟ್ರಾನ್ಸ್ ಗಂಡಸರೂ ನಮ್ಮ ನಡುವೆ ಇದ್ದಾರೆ, ಮಂಗಳಮುಖಿ ಅನ್ನುವ ಪದ ಅವರಿಗೆ ಹೊಂದುವುದಿಲ್ಲ, ಅವರ ಬಗ್ಗೆ ನಾವು ಮಾತಾಡುವುದೇ ಇಲ್ಲ.

ಇನ್ನೊಂದು ಪ್ರಶ್ನೆಯನ್ನಂತೂ ದಯವಿಟ್ಟು ಕೇಳಬೇಡಿ. "ಆಪರೇಷನ್ ಆಗಿದೆಯಾ?" ನಿಮ್ಮ ಮೈ ಬಗ್ಗೆ ಗುರುತಿಲ್ಲದವರು ಹೀಗೆ ಕೇಳಿದರೆ ಉತ್ತರ ಕೊಡುತ್ತೀರಾ? 2014ರ ಏಪ್ರಿಲ್ 15ರಂದು ನಾಲ್ಸಾ (ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ) ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ತಾನು ಯಾರು ಅಂತ ಹೇಳುವ ಹಕ್ಕು ಆಯಾ ವ್ಯಕ್ತಿಯದ್ದೇ, ಅದಕ್ಕೆ ಆಪರೇಷನ್ ಆಗಿರಬೇಕು ಅಂತ ಒತ್ತಾಯ ಮಾಡುವಂತಿಲ್ಲ ಅಂತ ಹೇಳಿತು. ಟ್ರಾನ್ಸ್ ಆಗಿರುವುದು ಕಾಯಿಲೆ ಅನ್ನುವವರಿಗೆ ಒಂದು ಮಾತು: ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಇದನ್ನು ಮಾನಸಿಕ ಕಾಯಿಲೆಗಳ ಪಟ್ಟಿಯಿಂದ ತೆಗೆದಾಗಿದೆ. ನಮ್ಮ ಕರ್ನಾಟಕ 2021ರಲ್ಲಿ ಟ್ರಾನ್ಸ್ ಸಮುದಾಯದವರಿಗೆ ಸರ್ಕಾರಿ ನೌಕರಿಯಲ್ಲಿ ಶೇ. 1 ಮೀಸಲಾತಿ ಕೊಟ್ಟಿತು. ಒಳ್ಳೆಯದೇ. ಆದರೆ ಕೆಲಸಕ್ಕೆ ಸೇರಿದ ಮೊದಲ ದಿನವೇ ಪಕ್ಕದ ಕುರ್ಚಿಯವರು 'ಅದು ಬಂತು' ಅಂದರೆ ಆ ಕೆಲಸದಲ್ಲಿ ಎಷ್ಟು ದಿನ ಇರಲು ಆಗುತ್ತದೆ?

2021ರ ನವೆಂಬರ್‌ನಲ್ಲಿ ಮಂಗಳಮುಖಿ ಸಮುದಾಯದ ಜನಪದ ಕಲಾವಿದೆ ಜೋಗತಿ ಮಂಜಮ್ಮ ರಾಷ್ಟ್ರಪತಿ ಭವನದಲ್ಲಿ ಪದ್ಮಶ್ರೀ ತೆಗೆದುಕೊಂಡ ವಿಡಿಯೋ ನೋಡಿರುತ್ತೀರಿ. ಪ್ರಶಸ್ತಿಗೆ ಕೈ ಚಾಚುವ ಮೊದಲು ಸೆರಗು ಹಿಡಿದು ರಾಷ್ಟ್ರಪತಿಗೆ ದೃಷ್ಟಿ ತೆಗೆದರು. ಮನೆ ಬಿಟ್ಟು ಭಿಕ್ಷೆ ಬೇಡಿ ಬದುಕಿದವರು ಅವರು. ಅವತ್ತು ಎಲ್ಲರೂ 'ಮಂಜಮ್ಮ ಅವರು' ಅಂದೆವು. ಅಂದರೆ ನಮ್ಮ ನಾಲಿಗೆಗೆ ಬರುತ್ತದೆ. ಬ್ಯಾಂಕಿನ ಕ್ಯೂನಲ್ಲಿ ನಿಂತವರಿಗೆ ಅದೇ ಮರ್ಯಾದೆ ಸಿಗುವುದಕ್ಕೆ ಪದ್ಮಶ್ರೀ ಬರಬೇಕಾ?

ಇದನ್ನೆಲ್ಲಾ ಮನೆಯಲ್ಲಿ ಅಮ್ಮನಿಗೂ ಹೇಳಿದ್ದೆ. ಅಮ್ಮ ಏನೂ ಅನ್ನಲಿಲ್ಲ. ಮೊನ್ನೆ ಸಂಜೆ ಮನೆಗೆ ಬಂದಾಗ ಅವರೇ ಶುರು ಮಾಡಿದರು. "ಮಧ್ಯಾಹ್ನ ಬಾಗಿಲಿಗೆ ಅದು ಬಂ..." ಅಂದು ತಡೆದರು. "ಬಂದಿದ್ರು. ಬಿಸಿಲು ಜಾಸ್ತಿ ಇತ್ತು, ನೀರು ಕೇಳಿದ್ರು. ಒಳಗೆ ಕೂರಿಸಿ ಕೊಟ್ಟೆ."