ಆರ್ಕಿಡ್ ಕುಂಡ ಬದಲಿಸೋಕೆ ಹೊಸ ಬೇರು ಬರುವವರೆಗೆ ಕಾಯಿರಿ

ನಮಸ್ಕಾರ. ಈ ಗಿಡವನ್ನು ಈಗಷ್ಟೇ ಕುಂಡದ ಸಮೇತ ಬಕೆಟ್ ನೀರಲ್ಲಿ ಇಳಿಸಿದ್ದೇನೆ. ಅರ್ಧ ಗಂಟೆ ನೆನೆಯಬೇಕು. ಅಷ್ಟರಲ್ಲಿ, ತುಂಬಾ ದಿನದಿಂದ ಹೇಳಬೇಕು ಅಂದುಕೊಂಡಿದ್ದ ಒಂದು ಮಾತು ಹೇಳಿಬಿಡುತ್ತೇನೆ.

ಇದು ಕ್ಯಾಟ್ಲಿಯಾ ಅನ್ನೋ ಆರ್ಕಿಡ್. ಸ್ವಲ್ಪ ಹತ್ತಿರದಿಂದ ನೋಡಿ. ಈ ಹೊಸ ಬಲ್ಬ್, ಅಂದರೆ ಎಲೆಯ ಕೆಳಗಿನ ಈ ಉಬ್ಬಿದ ಕಾಂಡ ಇದೆಯಲ್ಲ, ಅದರ ಬುಡದಲ್ಲಿ ಮೊಡವೆ ಥರ ಮೂರು ಹಸಿರು ಗುಳ್ಳೆ ಎದ್ದಿವೆ. ಒಂದು ಆಗಲೇ ಜೋಳದ ಕಾಳಿನಷ್ಟು ಹೊರಗೆ ಬಂದಿದೆ. ಅವೇ ಹೊಸ ಬೇರು. ಕಳೆದ ನಾಲ್ಕು ತಿಂಗಳಿಂದ ನಾನು ಕಾಯುತ್ತಿದ್ದದ್ದು ಇದಕ್ಕೇ.

'ಹೂ ಉದುರಿದ ತಕ್ಷಣ ರೀಪಾಟ್ ಮಾಡಿ', ಅಂದರೆ ಕುಂಡ ಬದಲಿಸಿ, ಅಂತ ಎಲ್ಲರೂ ಹೇಳುತ್ತಾರೆ. 'ಎರಡು ವರ್ಷಕ್ಕೊಮ್ಮೆ ಮಾಡಿ' ಅಂತಲೂ ಹೇಳುತ್ತಾರೆ. ಎರಡನೆಯದರಲ್ಲಿ ಅರ್ಥ ಇದೆ, ಯಾಕೆಂದರೆ ಕುಂಡದಲ್ಲಿ ಮಣ್ಣಿನ ಬದಲು ತುಂಬಿರುವ ತೊಗಟೆ, ತೆಂಗಿನ ಮಟ್ಟೆ ತುಂಡು ಎಲ್ಲ ಅಷ್ಟು ಹೊತ್ತಿಗೆ ಕೊಳೆತು ಪುಡಿಯಾಗಿ, ಬೇರಿಗೆ ಗಾಳಿ ಸಿಗದ ಹಾಗೆ ಆಗಿರುತ್ತದೆ. ಆದರೆ ಆ ವರ್ಷದಲ್ಲಿ ಯಾವ ವಾರ ಕೈ ಹಾಕಬೇಕು ಅನ್ನೋದನ್ನು ಕ್ಯಾಲೆಂಡರ್ ಹೇಳುವುದಿಲ್ಲ, ಹೂವೂ ಹೇಳುವುದಿಲ್ಲ. ಬೇರು ಹೇಳುತ್ತದೆ.

ನನ್ನ ಮೊದಲ ಕ್ಯಾಟ್ಲಿಯಾ ಡಿಸೆಂಬರಿನಲ್ಲಿ ಹೂ ಮುಗಿಸಿತು. ಕೇಳಿದ ಮಾತು ನಂಬಿ ಮಾರನೇ ದಿನವೇ ಕಿತ್ತೆ. ಹಳೆ ಬೇರು ಕುಂಡಕ್ಕೆ ಅಂಟಿಕೊಂಡಿದ್ದವು, ಅರ್ಧಕ್ಕರ್ಧ ಮುರಿದವು. ಹೊಸ ಕುಂಡದಲ್ಲಿ ಅಚ್ಚುಕಟ್ಟಾಗಿ ಕೂರಿಸಿ, ಖುಷಿಯಾಗಿ ನೀರು ಹಾಕಿದೆ. ಜನವರಿ ಹೋಯಿತು, ಫೆಬ್ರವರಿ ಹೋಯಿತು, ಒಂದೇ ಒಂದು ಬೇರು ಬರಲಿಲ್ಲ, ಬಲ್ಬ್‌ಗಳು ದಿನದಿನಕ್ಕೆ ಸುಕ್ಕುಗಟ್ಟುತ್ತಾ ಬಂದವು, ನಾನು ನೀರು ಸಾಲದೇನೋ ಅಂತ ಇನ್ನೂ ಜಾಸ್ತಿ ಹಾಕಿದೆ, ಅದರಿಂದ ಉಳಿದ ಬೇರೂ ಕೊಳೆಯಿತು. ಏಪ್ರಿಲ್ ಮಳೆ ಬಿದ್ದ ಮೇಲೆ ಒಂದು ಮೊಳಕೆ, ಅದರ ಬುಡದಲ್ಲಿ ಎರಡು ಬೇರು. ಗಿಡ ಬದುಕಿತು. ಮತ್ತೆ ಹೂ ನೋಡೋಕೆ ಮೂರು ವರ್ಷ ಬೇಕಾಯಿತು.

ಕಾರಣ ಸರಳ. ಕ್ಯಾಟ್ಲಿಯಾದ ಹಳೆ ಬೇರು ಮುರಿದರೆ ಹೆಚ್ಚಿನ ಸಲ ಹಿಂದಕ್ಕೆ ಒಣಗುತ್ತಾ ಹೋಗುತ್ತದೆ. ಹೊಸ ಬೇರು ಬೇಕಾದಾಗೆಲ್ಲ ಬರುವುದಿಲ್ಲ, ಹೊಸ ಬಲ್ಬ್‌ನ ಬುಡದಿಂದ, ಅದರದೇ ಸಮಯಕ್ಕೆ ಬರುತ್ತದೆ. ಕೆಲವು ಜಾತಿಗಳಲ್ಲಿ ಹೂವಿಗೆ ಮುಂಚೆ, ಕೆಲವಲ್ಲಿ ಹೂವಾದ ಮೇಲೆ. ಒಂದು ಬಲ್ಬ್‌ಗೆ ಎರಡೆರಡು ಎಲೆ ಬಿಡುವ ಕ್ಯಾಟ್ಲಿಯಾಗಳಂತೂ ಈ ವಿಷಯದಲ್ಲಿ ತುಂಬಾ ಸೂಕ್ಷ್ಮ, ತಪ್ಪು ಸಮಯದಲ್ಲಿ ಕಿತ್ತರೆ ಸತ್ತೇ ಹೋಗಬಹುದು. ಅದರ ಬದಲು ಹೊಸ ಬೇರು ಹೊರಡುತ್ತಿರುವಾಗ ಕುಂಡ ಬದಲಿಸಿದರೆ, ಆ ಬೇರು ನೇರವಾಗಿ ಹೊಸ ಇದ್ದಿಲು, ಹೊಸ ತೊಗಟೆಯೊಳಗೇ ಇಳಿಯುತ್ತದೆ. ಅಲ್ಲಿನ ತೇವಕ್ಕೆ ಮೊದಲಿನಿಂದಲೇ ಹೊಂದಿಕೊಂಡು ಬೆಳೆಯುತ್ತದೆ.

ಡೆಂಡ್ರೋಬಿಯಂ ಆರ್ಕಿಡ್ ಇರುವವರೂ ಇದನ್ನೇ ನೋಡಿ. ಹೊಸ ಕಡ್ಡಿಯ, ಅಂದರೆ ಹೊಸ ಕಾಂಡದ, ಮೊಳಕೆ ಕಂಡ ತಕ್ಷಣ ಆತುರ ಬೇಡ. ಅದು ಸ್ವಲ್ಪ ಎದ್ದು, ಬುಡದಲ್ಲಿ ಬೇರಿನ ತುದಿ ಕಾಣಲಿ.

ಹಾಗಂತ ತಡ ಮಾಡಿದರೂ ಕಷ್ಟ. ಬೇರು ಒಂದೆರಡು ಸೆಂಟಿಮೀಟರ್ ಇದ್ದಾಗ ಮಾಡಿಬಿಡಬೇಕು. ಅದರ ತುದಿ ಎಷ್ಟು ಮೆತ್ತಗೆ ಅಂದರೆ ಬೆರಳು ತಾಗಿದರೆ ಸಾಕು, ಮುರಿದುಹೋಗುತ್ತದೆ. ಇಷ್ಟು ಚಿಕ್ಕ ಬೇರಿನ ತುದಿ ಹೋದರೆ ಸಾಮಾನ್ಯವಾಗಿ ಆ ಬೇರಿನ ಕಥೆ ಅಲ್ಲಿಗೆ ಮುಗಿಯಿತು, ಆದರೆ ಅಷ್ಟು ಗಿಡ್ಡವಿದ್ದಾಗ ಅದನ್ನು ಕಾಪಾಡಿಕೊಳ್ಳೋದು ಸುಲಭ. ಮೂರು ನಾಲ್ಕು ಇಂಚು ಬೆಳೆದ ಮೇಲೆ ಕುಂಡಕ್ಕೆ ಬಗ್ಗಿಸೋಕೆ ಹೋದರೆ ಮುರಿಯದೆ ಇರುವುದೇ ಕಷ್ಟ.

ಮಲೆನಾಡಿನವರಿಗೆ ಇದು ಹೊಸದೇನಲ್ಲ. ಮರದ ಮೇಲೆ ಬೆಳೆಯುವ ಕಾಡು ಆರ್ಕಿಡ್ ಸೀತಾಳೆ ದಂಡೆಯನ್ನು ಮಳೆ ಶುರುವಾದಾಗ ನೋಡಿದ್ದೀರಾ? ಬೇಸಿಗೆಯಲ್ಲಿ ಬೂದಿಬಿಳಿ ಹಗ್ಗದಂತಿದ್ದ ಬೇರಿಗೆ ಹಸಿರು ತುದಿ ಬಂದು ತೊಗಟೆಗೆ ಅಂಟಿಕೊಳ್ಳುತ್ತಾ ಹೋಗುತ್ತದೆ. ಆ ಬಿಳಿ ಪದರ ಸತ್ತ ಜೀವಕೋಶಗಳ ಸ್ಪಂಜು, ಹೆಸರು ವೆಲಮೆನ್. ನೀರು ಬಿದ್ದರೆ ಹೀರಿಕೊಂಡು ಒಳಗಿನ ಹಸಿರು ತೋರಿಸುತ್ತದೆ. ಅದಕ್ಕೇ ಈಗ ನೆನೆಸಿಟ್ಟಿರುವುದು. ಒಣಗಿದ ಬೇರು ಕಡ್ಡಿಯಂತೆ ಮುರಿಯುತ್ತದೆ, ನೆನೆದ ಬೇರು ಬಾಗುತ್ತದೆ.

ಅಂಗಡಿಯಲ್ಲಿ ಜಾಸ್ತಿ ಸಿಗುವ ಫೆಲನಾಪ್ಸಿಸ್ ಇಷ್ಟು ಹಟಮಾರಿ ಅಲ್ಲ. ಅದರ ಹಳೆ ಬೇರು ಕವಲೊಡೆಯುತ್ತದೆ, ಸ್ವಲ್ಪ ಹಿಂದೆ ಮುಂದೆ ಆದರೂ ತಡೆದುಕೊಳ್ಳುತ್ತದೆ. ದಯವಿಟ್ಟು ಅದರ ಗಾಳಿಬೇರುಗಳನ್ನು ಮಾತ್ರ ಕತ್ತರಿಸಬೇಡಿ. ಚೆನ್ನಾಗಿ ಕಾಣಲ್ಲ ಅಂತ ಕತ್ತರಿಸಿದ ಗಿಡಗಳನ್ನು ನೋಡಿದಾಗ ನನಗೆ ನಿಜವಾಗಿ ಸಂಕಟ ಆಗುತ್ತದೆ.

ಕಾಯಬಾರದ ಸಂದರ್ಭ ಒಂದಿದೆ. ಕುಂಡ ಹುಳಿ ವಾಸನೆ ಬರುತ್ತಿದ್ದರೆ, ಬೇರು ಒತ್ತಿದಾಗ ಸಿಪ್ಪೆ ಜಾರಿ ಒಳಗಿನ ದಾರ ಮಾತ್ರ ಕೈಗೆ ಬಂದರೆ, ಅದು ಕೊಳೆತಿದೆ. ಅವತ್ತೇ ತೆಗೆಯಿರಿ, ಡಿಸೆಂಬರ್ ಆದರೂ ಸರಿ.

ಮಾಡುವಾಗ ನನ್ನ ಮೂರು ಹಟ ಇವೆ. ಬ್ಲೇಡನ್ನು ಪ್ರತಿ ಗಿಡಕ್ಕೂ ಬೆಂಕಿಯಲ್ಲಿ ಕಾಯಿಸುತ್ತೇನೆ, ಯಾಕೆಂದರೆ ಆರ್ಕಿಡ್ ವೈರಸ್ ಒಂದು ಗಿಡದ ರಸದಿಂದ ಇನ್ನೊಂದಕ್ಕೆ ಹೀಗೇ ಹರಡುತ್ತದೆ, ಹರಡಿದರೆ ಮದ್ದಿಲ್ಲ. ಹಳೆ ಬಲ್ಬ್ ಕುಂಡದ ಅಂಚಿಗೆ ತಾಗಬೇಕು, ಹೊಸದರ ಮುಂದೆ ಇನ್ನೆರಡು ಬಲ್ಬ್‌ಗೆ ಜಾಗ ಇರಬೇಕು, ಅದಕ್ಕಿಂತ ದೊಡ್ಡ ಕುಂಡ ಬೇಡ. ಮತ್ತೆ ಗಿಡ ಅಲುಗಾಡಬಾರದು. ಎಷ್ಟೋ ಜನ ಇದನ್ನು ಬಿಟ್ಟುಬಿಡುತ್ತಾರೆ. ಗಿಡ ಗಾಳಿಗೆ ತೂಗುತ್ತಿದ್ದರೆ ಹೊಸ ಬೇರಿನ ತುದಿ ಇದ್ದಿಲಿಗೆ ಉಜ್ಜಿ ಉಜ್ಜಿಯೇ ಸಾಯುತ್ತದೆ. ಒಂದು ಕೋಲು ಚುಚ್ಚಿ ಗಟ್ಟಿಯಾಗಿ ಕಟ್ಟಿ.

ಮಟ್ಟೆ ತುಂಡನ್ನು ನಾನು ಮೂರು ದಿನದಿಂದ ನೀರು ಬದಲಿಸುತ್ತಾ ನೆನೆಸಿದ್ದೇನೆ, ಅದರಲ್ಲಿರುವ ಉಪ್ಪು ಹೋಗಲಿ ಅಂತ. ಇದ್ದಿಲು ತೊಳೆದಾಗಿದೆ. ಬೇರುಗಳು ನೆನೆದು ಹಸಿರಾಗಿವೆ, ನೋಡಿ. ಬನ್ನಿ, ಈ ಹೊಸ ಬೇರಿನ ಕಡೆ ಕೈ ತಾಗದ ಹಾಗೆ, ಹಿಂದಿನ ಬಲ್ಬ್ ಹಿಡಿದು ಮೆಲ್ಲಗೆ ಎತ್ತುತ್ತೇನೆ.