ಬಾಯಿಪಾಠ ಮುಗಿದ ಮೇಲೆ

ಕೇಳುಗರಿಗೆಲ್ಲ ನಮಸ್ಕಾರ. ಊಟ ಮುಗಿಸಿ ಪಾತ್ರೆ ತೊಳೆಯುತ್ತಲೋ ಬೀಡಿ ಕಟ್ಟುತ್ತಲೋ ರೇಡಿಯೋ ಹಾಕಿಕೊಂಡಿರಬಹುದು ನೀವು. ಕೈ ನಿಲ್ಲಿಸಬೇಡಿ. ಕಿವಿ ಮಾತ್ರ ಸ್ವಲ್ಪ ಈ ಕಡೆ ಕೊಡಿ.

ನಾನು ಮಂಗಳೂರಿನಲ್ಲಿ ಇಂಪ್ರೋವ್ ಕಾಮಿಡಿ ಕಲಿಸುತ್ತೇನೆ. ಹಾಗೆಂದರೆ ಎಂಥದ್ದು ಅಂತ ನನ್ನ ಅತ್ತೆ ಇವತ್ತಿಗೂ ಕೇಳುತ್ತಾರೆ. ಇಬ್ಬರು ಬಂದು ವೇದಿಕೆಯಲ್ಲಿ ನಿಲ್ಲುತ್ತಾರೆ. ಬರೆದಿಟ್ಟ ನಾಟಕ ಇಲ್ಲ, ಬಾಯಿಪಾಠದ ಮಾತಿಲ್ಲ. ಕೂತವರಲ್ಲಿ ಯಾರೋ ಒಬ್ಬರು "ಸ್ಟೇಟ್ ಬ್ಯಾಂಕ್ ಬಸ್‌ಸ್ಟ್ಯಾಂಡ್" ಅಂತ ಕೂಗುತ್ತಾರೆ. ಅಷ್ಟೇ. ಒಬ್ಬ ಕಂಡಕ್ಟರ್ ಆದ, ಇನ್ನೊಬ್ಬಳು ಮೀನಿನ ಬುಟ್ಟಿ ಹಿಡಿದ ಅಮ್ಮ ಆದಳು. ಮುಂದೆ ಏನಾಗುತ್ತದೋ ಅವರಿಗೂ ಗೊತ್ತಿಲ್ಲ.

ಹಾಗಾದ್ರೆ ಜೋಕು ಹೇಳುವುದನ್ನು ಕಲಿಸ್ತೀರಾ? ಎಲ್ಲರದ್ದೂ ಇದೇ ಪ್ರಶ್ನೆ. ಇಲ್ಲ ಮಾರಾಯ್ರೆ, ಇಲ್ಲ. ನಾನು ಕಲಿಸುವುದು ಒಂದೇ. ಮೊದಲು ಕೇಳಿ, ಆಮೇಲೆ ಹೇಳಿ. ಎದುರಿನವರು ಏನಂದರು, ಕೇಳಿ. ಅದು ನಿಮಗೆ ಎಲ್ಲಿ ತಾಗಿತು, ಅದನ್ನು ಹೇಳಿ. ನಗು ತಾನಾಗಿ ಬರುತ್ತದೆ.

ಇದು ಹುಟ್ಟಿದ್ದೇ ಮಕ್ಕಳ ಆಟವಾಗಿ. ಅಮೆರಿಕದ ಶಿಕಾಗೋದಲ್ಲಿ ವಯೋಲಾ ಸ್ಪೋಲಿನ್ ಅಂತ ಒಬ್ಬರು ಟೀಚರ್ ಇದ್ದರು. ಬೇರೆ ಬೇರೆ ದೇಶಗಳಿಂದ ವಲಸೆ ಬಂದವರ ಮಕ್ಕಳಿಗೆ ಆಟ ಆಡಿಸಿಯೇ ನಾಟಕ ಕಲಿಸಿದರು. ಭಾಷೆ ಬಾರದಿದ್ದರೂ ಆಟ ಬರುತ್ತದೆ, ಅಲ್ವಾ? ಅವರ ಮಗ ಪಾಲ್ ಸಿಲ್ಸ್ 1959ರಲ್ಲಿ ಗೆಳೆಯರನ್ನು ಸೇರಿಸಿಕೊಂಡು ಅದೇ ಊರಲ್ಲಿ ಸೆಕೆಂಡ್ ಸಿಟಿ ಎಂಬ ಹಾಸ್ಯದ ತಂಡ ಕಟ್ಟಿದರು. ಅಮ್ಮನ ಆಟಗಳೇ ಬಂಡವಾಳ. ಕೆನಡಾದಲ್ಲಿ ಕಲಿಸುತ್ತಿದ್ದ ಕೀತ್ ಜಾನ್‌ಸ್ಟನ್ ಅವರದ್ದೂ ಇದೇ ಪಾಠ. ಜಾಣತನ ತೋರಿಸಲು ಹೋಗಬೇಡಿ, ಮೊದಲು ಹೊಳೆದದ್ದನ್ನೇ ಹೇಳಿ ಅಂತ.

ಇರಲಿ, ಶಿಕಾಗೋದವರೆಗೆ ಯಾಕೆ ಹೋಗಬೇಕು? ನಮ್ಮಲ್ಲೇ ತಾಳಮದ್ದಳೆ ಉಂಟಲ್ಲ, ಕೂತು ಮಾತಲ್ಲೇ ನಡೆಸುವ ಯಕ್ಷಗಾನ. ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಹಾಡುವ ಪದ ಮಾತ್ರ ಮೊದಲೇ ಬರೆದದ್ದು. ಅರ್ಥ ಹೇಳುವವರು ಅಲ್ಲೇ ಕೂತು ಮಾತು ಹುಟ್ಟಿಸಬೇಕು.

ನನಗಾಗ 22 ವರ್ಷ. ಉಡುಪಿ ಹತ್ತಿರ ಒಂದು ಮನೆಯ ಚಾವಡಿಯಲ್ಲಿ ತಾಳಮದ್ದಳೆ. ಆಟಿಯ ಮಳೆ, ಹಂಚಿನ ಮೇಲೆ ಅದರದ್ದೇ ಚೆಂಡೆ. ನನ್ನದು ಅರ್ಜುನ. ಎದುರಿಗೆ ಹನುಮಂತನಾಗಿ ಊರಿನ ಹಿರಿಯ ಅರ್ಥಧಾರಿ. ರಾಮ ಅಂಥಾ ಬಿಲ್ಲುಗಾರನಾಗಿದ್ದರೆ ಬಾಣದಲ್ಲೇ ಸೇತುವೆ ಕಟ್ಟಬಹುದಿತ್ತಲ್ಲ, ಕಪಿಗಳು ಕಲ್ಲು ಹೊತ್ತದ್ದು ಯಾಕೆ ಅಂತ ಅರ್ಜುನ ಕೊಚ್ಚಿಕೊಳ್ಳುವ ಕತೆ ನಿಮಗೆ ಗೊತ್ತೇ ಉಂಟು. ನಾನು ಇನ್ನೂರು ಪೇಜಿನ ನೋಟ್‌ಬುಕ್ಕಿನಲ್ಲಿ ಅರ್ಥ ಬರೆದು ಒಂದು ತಿಂಗಳು ಉರು ಹೊಡೆದಿದ್ದೆ. ಹನುಮಂತ ಹೀಗೆ ಕೇಳಿದರೆ ಹೀಗೆ, ಹಾಗೆ ಕೇಳಿದರೆ ಹಾಗೆ.

ಅವರು ಹೀಗೂ ಕೇಳಲಿಲ್ಲ, ಹಾಗೂ ಕೇಳಲಿಲ್ಲ. ನನ್ನನ್ನೇ ಸ್ವಲ್ಪ ಹೊತ್ತು ನೋಡಿದರು. "ಇಷ್ಟು ದೂರ ಒಬ್ಬನೇ ಬಂದಿದ್ದೀಯಲ್ಲ ಮಗು, ಅಣ್ಣನ ನೆನಪಾಗುವುದಿಲ್ಲವೇ?" ಅಂದರು.

ನಾನು ಗಾಂಡೀವದ ಬಗ್ಗೆ ನಾಲ್ಕು ಪೇಜು ಹೇಳಿದೆ! ಒಂದು ಅಕ್ಷರ ತಪ್ಪಲಿಲ್ಲ. ಚಾವಡಿಯಲ್ಲಿ ಯಾರೋ ಕೆಮ್ಮಿದರು. ಒಬ್ಬರು ಎದ್ದು ಎಲೆ ಅಡಿಕೆ ಹರಿವಾಣದ ಕಡೆ ಹೋದರು. ಹಿರಿಯರು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಮೆಲ್ಲಗೆ, "ಅದು ನಿನ್ನ ಬಿಲ್ಲಿನ ವಿಷಯ. ನಾನು ಕೇಳಿದ್ದು ಅಣ್ಣನ ವಿಷಯ" ಅಂದರು.

ಈಗ ನೋಡಿ, ನನ್ನ ಮನೆಯ ಕತೆ ಅವರಿಗೆ ಗೊತ್ತಿರಲಿಲ್ಲ. ಮುಂಬೈಯ ಹೋಟೆಲಿಗೆ ಬಾ, ಗಲ್ಲಾದಲ್ಲಿ ಕೂತುಕೋ ಅಂದಿದ್ದ ನನ್ನ ಅಣ್ಣ. ಒಲ್ಲೆ ಅಂತ ಜಗಳ ಮಾಡಿ ಎಂಟು ತಿಂಗಳು ಮಾತು ಬಿಟ್ಟಿದ್ದೆ. ನೋಟ್‌ಬುಕ್ಕಿನಲ್ಲಿ ಅದಕ್ಕೆ ಉತ್ತರ ಎಲ್ಲಿಂದ ಬರಬೇಕು? ಭಾಗವತರು ತಾಳ ಹಿಡಿದುಕೊಂಡು ಕಾಯುತ್ತಿದ್ದಾರೆ. ಮದ್ದಳೆಯವರು ಕಾಯುತ್ತಿದ್ದಾರೆ. ಮಳೆ ಮಾತ್ರ ಕಾಯಲಿಲ್ಲ.

"ಆಗುತ್ತದೆ" ಅಂದೆ. ಅಷ್ಟೇ ಬಂತು.

ಹಿರಿಯರು ಚಾಪೆಯ ಮೇಲೆ ಒಂದು ಮೊಣಕಾಲು ಮುಂದೆ ಸರಿದು, "ಹಾಂ. ಈಗ ಅರ್ಜುನ ಬಂದ" ಅಂದರು. ಚಾವಡಿ ಗೊಳ್ಳೆಂದು ನಕ್ಕಿತು. ನಾನೂ ನಕ್ಕೆ. ಅಲ್ಲಿಂದ ಮುಂದೆ ಒಂದೂವರೆ ಗಂಟೆ ಮಾತಾಡಿದ್ದೇವೆ, ನೋಟ್‌ಬುಕ್ಕಿನ ಒಂದು ಸಾಲೂ ಬರಲಿಲ್ಲ. ಮೊದಲು ಕೇಳಿ, ಆಮೇಲೆ ಹೇಳಿ ಅಂತ ನಾನು ಗಿಣಿಯ ಹಾಗೆ ಹೇಳುತ್ತಿರುವುದು ಇದಕ್ಕೇ. ಅಣ್ಣನಿಗೆ ಮರುವಾರ ಕಾಗದ ಬರೆದೆ. ಅದು ಬೇರೆ ಕತೆ, ಬಿಡಿ.

ಅಯ್ಯೋ, ಗಾಜಿನ ಆಚೆಯಿಂದ ಒಂದು ಬೆರಳು ತೋರಿಸುತ್ತಿದ್ದಾರೆ. ಒಂದೇ ನಿಮಿಷ ಅಂತೆ. ಮೂರು ಆಟ ಬರೆದು ತಂದಿದ್ದೆ, ಒಂದು ಹೇಳಿಬಿಡುತ್ತೇನೆ. ಅಂತ್ಯಾಕ್ಷರಿ ಗೊತ್ತಲ್ಲ, ಹಾಗೆಯೇ. ಎದುರಿನವರ ಕೊನೆಯ ಪದದಿಂದ ನಿಮ್ಮ ಮಾತು ಶುರುವಾಗಬೇಕು. ಕೊನೆಯವರೆಗೆ ಕೇಳದೆ ಬಾಯಿ ತೆರೆಯುವ ಹಾಗೇ ಇಲ್ಲ. ರಾತ್ರಿ ಊಟಕ್ಕೆ ಕೂತಾಗ ಆಡಿ ನೋಡಿ. ಟಿವಿ ಬಂದ್ ಮಾಡಿ, ದಯವಿಟ್ಟು.

ಮೊನ್ನೆ ಕ್ಲಾಸಿನಲ್ಲಿ ಒಬ್ಬರು ಗಂಡ ಹೆಂಡತಿ ಆಡಿದರು. ಹೆಂಡತಿ, "ನಾಳೆ ಮಗಳು ದುಬೈಗೆ ಹೊರಡ್ತಾಳೆ" ಅಂದರು. ಗಂಡ ತುಂಬ ಹೊತ್ತು ಸುಮ್ನೆ ಇದ್ದು, "ಹೊರಡ್ತಾಳೆ... ಹಾಗಾದ್ರೆ ಇನ್ನು ಬಂಗುಡೆ ಎರಡೇ ಸಾಕು" ಅಂದರು.

"ಸಾಕು ಅಂದ್ರೆ ಹೇಗೆ? ಬೆಕ್ಕಿಗೆ ಬೇಡ್ವಾ?"

ನಮಸ್ಕಾರ.